ಗೋಡೆ ಕೆಡವಿ ಗೋಡೆ ಕಟ್ಟುವ ವಿಶ್ವಬ್ಯಾಂಕು

ಬಡದೇಶಗಳಿಗೆ ಸಾಲ ಕೊಡುವ ಬ್ಯಾಂಕು ತನ್ನ ಇಲಾಖೆಗಳನ್ನೇ ಮತ್ತೆ ಮತ್ತೆ ಕೆಡವಿ ಕಟ್ಟುತ್ತಿರುವುದೇಕೆ? ಊರನ್ನು ಬಲ್ಲವರು ಮುಖ್ಯವೋ, ವಿಷಯವನ್ನು ಬಲ್ಲವರು ಮುಖ್ಯವೋ ಎಂಬ ಹಳೆಯ ಜಗಳದ ಕಥೆ ಇದು.

ಅದು 1987. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಎಚ್ ಸ್ಟ್ರೀಟಿನಲ್ಲಿರುವ 1818ನೇ ನಂಬರಿನ ಕಟ್ಟಡದಲ್ಲಿ ಯಾರಿಗೂ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಅಲ್ಲಿದ್ದವರೇನು ಸಾಮಾನ್ಯರಲ್ಲ. ದೇಶದೇಶಗಳ ಬಜೆಟ್ಟನ್ನು ಬೆರಳ ತುದಿಯಲ್ಲಿಟ್ಟುಕೊಂಡ ಅರ್ಥಶಾಸ್ತ್ರಜ್ಞರು, ಅಣೆಕಟ್ಟು ಕಟ್ಟಿಸಿದ ಎಂಜಿನಿಯರುಗಳು, ಬಿತ್ತನೆ ಬೀಜದ ಜಾತಕ ಹೇಳಬಲ್ಲ ಕೃಷಿ ತಜ್ಞರು. ಆದರೆ ಆ ವರ್ಷ ಅವರಿಗಿದ್ದ ಚಿಂತೆ ಒಂದೇ: ನಾಳೆ ತಮ್ಮ ಕುರ್ಚಿ ಉಳಿಯುತ್ತದೆಯೇ?

ವಿಶ್ವಬ್ಯಾಂಕಿನ ಅಂದಿನ ಅಧ್ಯಕ್ಷ ಬಾರ್ಬರ್ ಕಾನಬಲ್ ಇಡೀ ಸಂಸ್ಥೆಯನ್ನು ಹೊಸದಾಗಿ ಕಟ್ಟಲು ಹೊರಟಿದ್ದರು. ಇದ್ದ ಸಿಬ್ಬಂದಿಯೆಲ್ಲ ಮತ್ತೊಮ್ಮೆ ಆಯ್ಕೆಯಾಗಬೇಕಿತ್ತು. ಮೊದಲು ಮೇಲಿನ ಅಧಿಕಾರಿಗಳ ನೇಮಕ. ಅವರು ತಮ್ಮ ಕೈಕೆಳಗಿನವರನ್ನು ಆರಿಸಿಕೊಳ್ಳುವುದು, ಆ ಕೈಕೆಳಗಿನವರು ಮತ್ತೆ ತಮಗೆ ಬೇಕಾದವರನ್ನು ಆರಿಸಿಕೊಳ್ಳುವುದು. ಕಬಡ್ಡಿ ತಂಡಕ್ಕೆ ಆಟಗಾರರನ್ನು ಕರೆಯುವ ಹಾಗೆ! ಕೊನೆಯವರೆಗೂ ಯಾರೂ ಕರೆಯದೆ ಉಳಿದವರು ಪರಿಹಾರ ಪಡೆದು ಮನೆಗೆ ಹೋಗಬೇಕು. ನೂರಾರು ಜನ ಹಾಗೆ ಹೋದರು. ಅಂದು ಅಲ್ಲಿದ್ದವರು ಬಹುಕಾಲ ಆ ವರ್ಷವನ್ನು ಮರೆಯಲಿಲ್ಲ.

ಎಲ್ಲೋ ದೂರದ ಕಚೇರಿಯಲ್ಲಿ ಮೇಜು ಕುರ್ಚಿ ಆಚೀಚೆ ಆದರೆ ನಮಗೇನು ಎಂದು ಕೇಳಬಹುದು. ಪ್ರಶ್ನೆ ಸಹಜವೇ. ಆದರೆ ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳಲ್ಲಿ, ಹುಬ್ಬಳ್ಳಿ-ಧಾರವಾಡದ ನಲ್ಲಿಗಳಲ್ಲಿ, ಕೋಲಾರದಿಂದ ಹಾವೇರಿಯವರೆಗಿನ ಜಲಾನಯನ ಕಾಮಗಾರಿಗಳಲ್ಲಿ ಈ ಬ್ಯಾಂಕಿನ ಸಾಲವಿದೆ. ಆ ಮೇಜುಗಳ ಹಿಂದೆ ಯಾರು ಕೂತಿದ್ದಾರೆ, ಅವರು ಯಾರಿಗೆ ಲೆಕ್ಕ ಒಪ್ಪಿಸಬೇಕು ಎಂಬುದರ ಮೇಲೆ ಕೆಲವೊಮ್ಮೆ ಒಂದಿಡೀ ಊರಿನ ಹಣೆಬರಹ ನಿಂತಿರುತ್ತದೆ.

ಇದು ಎಂಥ ಬ್ಯಾಂಕು?

ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1944ರ ಜುಲೈ ತಿಂಗಳಲ್ಲಿ, ಅಮೆರಿಕದ ಬ್ರೆಟನ್‌ವುಡ್ಸ್ ಎಂಬಲ್ಲಿ 44 ರಾಷ್ಟ್ರಗಳ ಪ್ರತಿನಿಧಿಗಳು ಸೇರಿ ಎರಡು ಸಂಸ್ಥೆಗಳಿಗೆ ಅಡಿಪಾಯ ಹಾಕಿದರು. ಒಂದು ಅಂತರರಾಷ್ಟ್ರೀಯ ಹಣಕಾಸು ನಿಧಿ. ಇನ್ನೊಂದು ಪುನರ್ನಿರ್ಮಾಣ ಹಾಗೂ ಅಭಿವೃದ್ಧಿಯ ಅಂತರರಾಷ್ಟ್ರೀಯ ಬ್ಯಾಂಕು, ಅಂದರೆ ಇಂದಿನ ವಿಶ್ವಬ್ಯಾಂಕು. ಯುದ್ಧದಲ್ಲಿ ಜರ್ಜರಿತವಾದ ಯುರೋಪನ್ನು ಮತ್ತೆ ಕಟ್ಟುವುದು ಮೊದಲ ಗುರಿ. 1947ರಲ್ಲಿ ಮೊದಲ ಸಾಲವಾಗಿ 25 ಕೋಟಿ ಡಾಲರ್ ಪಡೆದ ದೇಶ ಫ್ರಾನ್ಸ್. ಭಾರತ ಮೊದಲ ಸಾಲ ಪಡೆದದ್ದು 1949ರಲ್ಲಿ. ಅದು ರೈಲ್ವೆಗಾಗಿ, 3.4 ಕೋಟಿ ಡಾಲರ್. ಬಡದೇಶಗಳಿಗೆ ಸುಲಭ ಶರತ್ತಿನ ಸಾಲ ಕೊಡಲೆಂದೇ 1960ರಲ್ಲಿ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘ ಎಂಬ ಅಂಗಸಂಸ್ಥೆ ಹುಟ್ಟಿಕೊಂಡಿತು.

ಪೇಟೆಯ ಬ್ಯಾಂಕಿಗೂ ಇದಕ್ಕೂ ದೊಡ್ಡ ಅಂತರವಿದೆ. ಪೇಟೆಯ ಬ್ಯಾಂಕು ಅಡಮಾನ ನೋಡಿ ಸಾಲ ಕೊಡುತ್ತದೆ. ವಿಶ್ವಬ್ಯಾಂಕು ಯೋಜನೆ ನೋಡಿ ಸಾಲ ಕೊಡುತ್ತದೆ. ಸರ್ಕಾರ ಒಂದು ನೀರಾವರಿ ಯೋಜನೆಗೆ ಹಣ ಕೇಳಿತು ಎನ್ನೋಣ. ಬ್ಯಾಂಕಿನ ತಂಡ ಬಂದು ಸ್ಥಳ ನೋಡುತ್ತದೆ, ಲೆಕ್ಕ ಹಾಕುತ್ತದೆ, ಶರತ್ತು ಬರೆಯುತ್ತದೆ. ವಾಷಿಂಗ್ಟನ್ನಿನಲ್ಲಿ ಕುಳಿತ ನಿರ್ದೇಶಕ ಮಂಡಳಿ ಒಪ್ಪಿಗೆ ಕೊಡುತ್ತದೆ. ಆಮೇಲೆ ಕೆಲಸ ನಡೆದ ಹಾಗೆ ಕಂತು ಕಂತಾಗಿ ಹಣ ಬಿಡುಗಡೆಯಾಗುತ್ತದೆ. ಇದೆಲ್ಲ ಮುಗಿಯಲು ಏಳೆಂಟು ವರ್ಷ ಹಿಡಿಯುವುದು ಸಾಮಾನ್ಯ.

ಹಾಗಾದರೆ ಆ ತಂಡದಲ್ಲಿ ಯಾರಿರಬೇಕು? ಇಲ್ಲಿಂದ ಜಗಳ ಶುರು.

ಕ್ಲಾಸ್ ಟೀಚರೋ, ಸಬ್ಜೆಕ್ಟ್ ಟೀಚರೋ

ನಮ್ಮ ಶಾಲೆಗಳನ್ನೇ ನೆನಪು ಮಾಡಿಕೊಂಡರೆ ವಿಷಯ ಸುಲಭವಾಗಿ ತಿಳಿಯುತ್ತದೆ. ಪ್ರಾಥಮಿಕ ಶಾಲೆಯ ಕೆಳಗಿನ ತರಗತಿಗಳಲ್ಲಿ ಕನ್ನಡ, ಗಣಿತ, ಪರಿಸರ ಎಲ್ಲವನ್ನೂ ಒಬ್ಬರೇ ಮೇಷ್ಟ್ರು ಕಲಿಸುತ್ತಾರೆ. ಅವರಿಗೆ ಪ್ರತಿ ಮಗುವಿನ ಮನೆಯ ಪರಿಸ್ಥಿತಿ ಗೊತ್ತು. ಆದರೆ ಬೀಜಗಣಿತದ ಕಷ್ಟದ ಲೆಕ್ಕ ಬಂದರೆ ಅವರ ಕೈ ಸ್ವಲ್ಪ ತಡವರಿಸೀತು. ಹೈಸ್ಕೂಲಿಗೆ ಬಂದಾಗ ಒಂದೊಂದು ವಿಷಯಕ್ಕೆ ಒಬ್ಬೊಬ್ಬರು. ಗಣಿತದ ಮೇಷ್ಟ್ರಿಗೆ ಗಣಿತ ಕರಗತ. ಆದರೆ ಹಿಂದಿನ ಬೆಂಚಿನ ಹುಡುಗ ವಾರದಿಂದ ಬರುತ್ತಿಲ್ಲವೇಕೆ ಎಂಬುದು ಅವರಿಗೆ ತಿಳಿಯದೆ ಹೋಗಬಹುದು. ಅವರು ಘಂಟೆ ಹೊಡೆದೊಡನೆ ಇನ್ನೊಂದು ಕೋಣೆಗೆ ಹೋಗಬೇಕು.

ಎರಡೂ ಬೇಕು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಹುಡುಗ ಫೇಲಾದರೆ ಹೆಡ್‌ಮಾಸ್ಟರು ಯಾರನ್ನು ಕರೆದು ಕೇಳಬೇಕು? ಕ್ಲಾಸ್ ಟೀಚರನ್ನೋ, ಸಬ್ಜೆಕ್ಟ್ ಟೀಚರನ್ನೋ?

ವಿಶ್ವಬ್ಯಾಂಕಿನ ಪ್ರಶ್ನೆಯೂ ಇದೇ. ಭಾರತದ ರಾಜಕೀಯ, ಹಣಕಾಸು, ಮಳೆ ಬೆಳೆ ಬಲ್ಲ ಅಧಿಕಾರಿಗಳು ಒಂದು ಕಡೆ. ಇವರು ದೇಶ ಬಲ್ಲವರು. ಕುಡಿಯುವ ನೀರು, ಶಾಲೆ, ರಸ್ತೆ, ವಿದ್ಯುತ್ತು ಹೀಗೆ ಒಂದೇ ವಿಷಯದಲ್ಲಿ ಪಳಗಿ, ಇವತ್ತು ಬ್ರೆಜಿಲ್, ನಾಳೆ ಕೀನ್ಯಾ, ನಾಡಿದ್ದು ಕರ್ನಾಟಕ ಎಂದು ಸುತ್ತುವವರು ಇನ್ನೊಂದು ಕಡೆ. ಇವರು ವಿಷಯ ಬಲ್ಲವರು. ಬ್ಯಾಂಕಿನ ಪುನರ್ರಚನೆಗಳೆಲ್ಲವೂ ಈ ಎರಡು ಗುಂಪುಗಳ ನಡುವೆ ತಕ್ಕಡಿ ಹಿಡಿದು ನಿಂತ ಕಥೆಗಳೇ.

ತಕ್ಕಡಿಯ ತೂಗಾಟ

ಮೊದಲ ದೊಡ್ಡ ಬದಲಾವಣೆ ಆದದ್ದು 1952ರಲ್ಲಿ. ಜಗತ್ತನ್ನು ಮೂರು ಭಾಗ ಮಾಡಿ ಮೂರು ಪ್ರದೇಶ ವಿಭಾಗಗಳನ್ನು ತೆರೆಯಲಾಯಿತು. ತಂತ್ರಜ್ಞರಿಗೆ ಬೇರೆಯದೇ ವಿಭಾಗ. ಆಗ ಬ್ಯಾಂಕು ಚಿಕ್ಕದು. ಊಟದ ಮೇಜಿನಲ್ಲಿ ಕೂತು ಭಿನ್ನಾಭಿಪ್ರಾಯ ಬಗೆಹರಿಸಿಕೊಳ್ಳಬಹುದಾದಷ್ಟು ಜನರಷ್ಟೇ ಇದ್ದರು.

1968ರಲ್ಲಿ ರಾಬರ್ಟ್ ಮೆಕ್‌ನಮಾರ ಅಧ್ಯಕ್ಷರಾಗಿ ಬಂದರು. ಫೋರ್ಡ್ ಕಾರು ಕಂಪನಿಯ ಮುಖ್ಯಸ್ಥರಾಗಿದ್ದವರು, ವಿಯೆಟ್ನಾಂ ಯುದ್ಧಕಾಲದಲ್ಲಿ ಅಮೆರಿಕದ ರಕ್ಷಣಾ ಮಂತ್ರಿಯಾಗಿದ್ದವರು, ಅಂಕಿ ಅಂಶಗಳ ಮನುಷ್ಯ. ಅವರ ಕಾಲದಲ್ಲಿ ಬ್ಯಾಂಕಿನ ಸಾಲ ಹಲವು ಪಟ್ಟು ಬೆಳೆಯಿತು. ಅಣೆಕಟ್ಟು, ರೈಲು, ವಿದ್ಯುತ್ತಿನ ಜೊತೆಗೆ ಸಣ್ಣ ರೈತ, ಶಾಲೆ, ಕುಟುಂಬ ಯೋಜನೆ ಎಲ್ಲವೂ ಬ್ಯಾಂಕಿನ ಕೆಲಸವಾಯಿತು. ಹಳೆಯ ಅಂಗಿ ಬಿಗಿಯಾಗತೊಡಗಿತು. 1972ರಲ್ಲಿ ಮೆಕಿನ್ಸಿ ಎಂಬ ಸಲಹಾ ಸಂಸ್ಥೆಯ ನೆರವು ಪಡೆದು ಅವರು ಬ್ಯಾಂಕನ್ನು ಪ್ರಾದೇಶಿಕ ಉಪಾಧ್ಯಕ್ಷರ ಕೈಗೆ ಹಂಚಿದರು. ಆ ಪ್ರದೇಶದ ಅರ್ಥಶಾಸ್ತ್ರಜ್ಞರೂ ಎಂಜಿನಿಯರುಗಳೂ ಬಹುಮಟ್ಟಿಗೆ ಒಬ್ಬನೇ ಯಜಮಾನನ ಕೆಳಗೆ ಬಂದರು. ಆದರೂ ಒಂದೇ ಸೂರಿನಡಿ ಎರಡು ಒಲೆ ಉರಿಯುತ್ತಲೇ ಇದ್ದವು. ಸಾಲದ ಕಾರ್ಯಕ್ರಮ ರೂಪಿಸುವವರು ಬೇರೆ, ಯೋಜನೆ ತಯಾರಿಸುವವರು ಬೇರೆ.

ಈ ಎರಡು ಒಲೆಗಳನ್ನು ಒಂದು ಮಾಡಿದ್ದೇ 1987ರ ಕಾನಬಲ್ ಕ್ರಮ. ದೇಶ ವಿಭಾಗ ಎಂಬ ಹೊಸ ಘಟಕಗಳು ಹುಟ್ಟಿದವು. ಭಾರತದಂಥ ದೊಡ್ಡ ದೇಶಕ್ಕೆ ಪ್ರತ್ಯೇಕ ವಿಭಾಗವೇ ಆಯಿತು. ದೇಶದ ಅರ್ಥಶಾಸ್ತ್ರಜ್ಞನೂ ನೀರಾವರಿ ಎಂಜಿನಿಯರನೂ ಒಂದೇ ನಿರ್ದೇಶಕನ ಕೆಳಗೆ ಕೂತರು. ಅದೇ ವರ್ಷ ಪರಿಸರ ವಿಭಾಗವೂ ಆರಂಭವಾಯಿತು. ತಕ್ಕಡಿ ಪೂರ್ತಿಯಾಗಿ ದೇಶ ಬಲ್ಲವರ ಕಡೆಗೆ ವಾಲಿತು. ಮೊದಲೆಲ್ಲ ಒಟ್ಟಿಗೆ ಕೂತು ಒಬ್ಬರ ಯೋಜನೆಯಲ್ಲಿ ಒಬ್ಬರು ತಪ್ಪು ಹುಡುಕುತ್ತಿದ್ದ ತಜ್ಞರು ಈಗ ದೇಶ ದೇಶಗಳಿಗೆ ಚದುರಿ ಹೋದರು.

ನರ್ಮದೆ, ಕೃಷ್ಣೆ ಕಲಿಸಿದ ಪಾಠ

ಇಷ್ಟೆಲ್ಲ ಆಗಿ ಐದು ವರ್ಷ ಕಳೆಯುವುದರೊಳಗೆ, 1992ರಲ್ಲಿ, ಬ್ಯಾಂಕಿಗೆ ಎರಡು ಕನ್ನಡಿಗಳು ಎದುರಾದವು.

ಮೊದಲ ಕನ್ನಡಿ ನರ್ಮದಾ ಕಣಿವೆಯಿಂದ ಬಂತು. ಸರ್ದಾರ್ ಸರೋವರ ಯೋಜನೆಗೆ 1985ರಲ್ಲಿ ಬ್ಯಾಂಕು 45 ಕೋಟಿ ಡಾಲರ್ ಸಾಲ ಒಪ್ಪಿಕೊಂಡಿತ್ತು. ನೀರು ನಿಂತರೆ ಮುಳುಗುವ ಊರುಗಳ ಜನ ಎದ್ದು ನಿಂತರು. ಮೇಧಾ ಪಾಟ್ಕರ್ ನೇತೃತ್ವದ ಚಳವಳಿ ಜಗತ್ತಿನ ಗಮನ ಸೆಳೆಯಿತು. ಕೊನೆಗೆ ಬ್ಯಾಂಕೇ ಬ್ರಾಡ್‌ಫರ್ಡ್ ಮೋರ್ಸ್ ಅವರ ಅಧ್ಯಕ್ಷತೆಯಲ್ಲಿ ಒಂದು ಸ್ವತಂತ್ರ ಸಮಿತಿ ನೇಮಿಸಿತು. 1992ರ ಜೂನ್‌ನಲ್ಲಿ ಬಂದ ಆ ವರದಿ ಕಟುವಾಗಿತ್ತು. ಎಷ್ಟು ಜನ ಮುಳುಗಡೆಯಾಗುತ್ತಾರೆ, ಅವರು ಯಾರು, ಎಲ್ಲಿಗೆ ಹೋಗುತ್ತಾರೆ ಎಂಬ ಸರಿಯಾದ ತಿಳಿವಳಿಕೆಯಿಲ್ಲದೆ ಸಾಲ ಮಂಜೂರಾಗಿತ್ತು. ಬ್ಯಾಂಕು ತಾನೇ ಮಾಡಿಕೊಂಡ ನಿಯಮಗಳನ್ನು ಪಾಲಿಸಿರಲಿಲ್ಲ. 1993ರ ಮಾರ್ಚ್‌ನಲ್ಲಿ ಭಾರತ ಸರ್ಕಾರ ಉಳಿದ ಸಾಲ ತನಗೆ ಬೇಡವೆಂದಿತು.

ನಮ್ಮ ಕೃಷ್ಣೆಯ ದಂಡೆಯಲ್ಲೂ ಇದರ ನೆರಳು ಬಿತ್ತು. ಕೃಷ್ಣಾ ಮೇಲ್ದಂಡೆ ಯೋಜನೆಗೆ ಬ್ಯಾಂಕು 1978ರಲ್ಲೂ 1989ರಲ್ಲೂ ಸಾಲ ನೀಡಿತ್ತು. ನಾರಾಯಣಪುರ ಮತ್ತು ಆಲಮಟ್ಟಿ ಜಲಾಶಯಗಳ ಹಿನ್ನೀರಿಗೆ ಹೊಲ ಮನೆ ಬಿಟ್ಟುಕೊಟ್ಟವರ ಪುನರ್ವಸತಿ ಕೆಲಸ ಕಾಲುವೆಯ ಕೆಲಸಕ್ಕಿಂತ ಬಹಳ ಹಿಂದೆ ಬಿದ್ದಿತ್ತು. 1990ರ ದಶಕದಲ್ಲಿ ಬ್ಯಾಂಕು ಇದೇ ಕಾರಣಕ್ಕೆ ಹಣ ಬಿಡುಗಡೆಯನ್ನು ತಡೆಹಿಡಿಯಿತು. ಮುಳುಗುವವರಿಗೆ ಮೊದಲು ನೆಲೆ ಕಾಣಿಸಬೇಕು ಎಂಬ ನಿಯಮವನ್ನು ಬ್ಯಾಂಕು ಮಾಡಿಕೊಂಡದ್ದು 1980ರಲ್ಲೇ. ಹಾಗಿದ್ದೂ ಎಂಜಿನಿಯರುಗಳ ನಕ್ಷೆಯಲ್ಲಿ ಕಾಲುವೆಗೆ ಸಿಕ್ಕ ಜಾಗ ಊರಿಗೆ ಸಿಕ್ಕಿರಲಿಲ್ಲ. ಬ್ಯಾಂಕಿಗೆ ಮೊದಲ ಸಮಾಜಶಾಸ್ತ್ರಜ್ಞ ಬಂದದ್ದೇ 1974ರಲ್ಲಿ ಎಂದರೆ ಪರಿಸ್ಥಿತಿ ಅರ್ಥವಾದೀತು.

ಎರಡನೆಯ ಕನ್ನಡಿ ಒಳಗಿನದೇ. ಬ್ಯಾಂಕಿನ ಉಪಾಧ್ಯಕ್ಷರಾಗಿದ್ದ ವಿಲ್ಲಿ ವಾಪನ್‌ಹಾನ್ಸ್ ಅವರ ತಂಡ 1992ರಲ್ಲಿ ಒಂದು ವರದಿ ಕೊಟ್ಟಿತು. 1981ರಲ್ಲಿ ಬ್ಯಾಂಕಿನದೇ ಮೌಲ್ಯಮಾಪನದಲ್ಲಿ ಶೇ 15ರಷ್ಟಿದ್ದ ಅತೃಪ್ತಿಕರ ಯೋಜನೆಗಳ ಪಾಲು 1991ರ ಹೊತ್ತಿಗೆ ಶೇ 37.5ಕ್ಕೆ ಏರಿತ್ತು. ಕಾರಣ? ಬ್ಯಾಂಕಿನಲ್ಲಿ ಬಡ್ತಿ ಸಿಗುತ್ತಿದ್ದುದು ಹೊಸ ಸಾಲ ಮಂಜೂರು ಮಾಡಿಸಿದವರಿಗೆ. ಮಂಜೂರಾದ ಮೇಲೆ ಕಾಲುವೆಯಲ್ಲಿ ನೀರು ಹರಿಯಿತೇ ಎಂದು ನೋಡಲು ಹೋದವನನ್ನು ಕೇಳುವವರಿರಲಿಲ್ಲ. ವರದಿ ಇದನ್ನು ಮಂಜೂರಾತಿಯ ಸಂಸ್ಕೃತಿ ಎಂದು ಕರೆಯಿತು.

ಗಮನಿಸಬೇಕಾದದ್ದು ಇಲ್ಲಿದೆ. 1972ರ ವ್ಯವಸ್ಥೆಯಲ್ಲಿ ಶುರುವಾದ ಯೋಜನೆಗಳೂ ಸೋತಿದ್ದವು. 1987ರ ಹೊಸ ವ್ಯವಸ್ಥೆ ಬಂದ ಮೇಲೂ ಅವು ಚೇತರಿಸಿಕೊಳ್ಳಲಿಲ್ಲ. ಇಲಾಖೆಗಳ ಚಿತ್ರಪಟ ಬದಲಾಗಿತ್ತು. ಯಾವ ಕೆಲಸಕ್ಕೆ ಶಹಬಾಸ್ ಎನ್ನಬೇಕು ಎಂಬುದು ಬದಲಾಗಿರಲಿಲ್ಲ.

ಇದಕ್ಕೆ ನಿಜವಾದ ಉತ್ತರ ಸಿಕ್ಕಿದ್ದು ಇಲಾಖೆಗಳ ಮರುಜೋಡಣೆಯಿಂದಲ್ಲ, ಹೊರಗಿನವರಿಗೆ ತೆರೆದ ಒಂದು ಪುಟ್ಟ ಬಾಗಿಲಿನಿಂದ. 1993ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಿನ ನಿರ್ದೇಶಕ ಮಂಡಳಿ ಮೂವರು ಸದಸ್ಯರ ತಪಾಸಣಾ ಮಂಡಲಿಯನ್ನು ರಚಿಸಿತು. ಬ್ಯಾಂಕಿನ ಯೋಜನೆಯಿಂದ ತೊಂದರೆಗೊಳಗಾದ ಇಬ್ಬರು ಸೇರಿ ದೂರು ಕೊಟ್ಟರೂ ಅದು ಪರಿಶೀಲಿಸಬೇಕು. ಮಂಡಲಿ ವರದಿ ಒಪ್ಪಿಸುವುದು ಸಾಲ ಕೊಟ್ಟ ಅಧಿಕಾರಿಗಳಿಗಲ್ಲ, ನೇರವಾಗಿ ನಿರ್ದೇಶಕ ಮಂಡಳಿಗೆ. 1994ರಲ್ಲಿ ಮೊದಲ ದೂರು ಬಂದದ್ದು ನೇಪಾಳದ ಅರುಣ್ ಜಲವಿದ್ಯುತ್ ಯೋಜನೆಯ ಬಗ್ಗೆ. ಮರುವರ್ಷ ಬ್ಯಾಂಕು ಆ ಯೋಜನೆಯಿಂದ ಹಿಂದೆ ಸರಿಯಿತು.

ಒಳಸಂತೆಯ ವ್ಯಾಪಾರ

1995ರಲ್ಲಿ ಜೇಮ್ಸ್ ವುಲ್ಫೆನ್‌ಸನ್ ಅಧ್ಯಕ್ಷರಾದರು. ಆಸ್ಟ್ರೇಲಿಯಾದಲ್ಲಿ ಹುಟ್ಟಿದವರು, ಒಲಿಂಪಿಕ್ಸ್‌ನಲ್ಲಿ ಕತ್ತಿವರಸೆ ಆಡಿದವರು, ಚೆಲ್ಲೊ ವಾದ್ಯ ನುಡಿಸುವವರು, ವೃತ್ತಿಯಲ್ಲಿ ಹಣಕಾಸು ಉದ್ಯಮಿ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಎಂಬ ಗಾದೆಯಂತೆ ಬ್ಯಾಂಕಿಗೆ ಬಂದ ಅಧ್ಯಕ್ಷರೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಇಲಾಖೆಗಳನ್ನು ಒಗೆದವರೇ. ಆದರೆ ಇವರ ಒಗೆತ ಎಲ್ಲರಿಗಿಂತ ಜೋರು. 1997ರಲ್ಲಿ ಸುಧಾರಣೆಗೆಂದೇ ಮೂರು ವರ್ಷಗಳಿಗೆ 25 ಕೋಟಿ ಡಾಲರ್ ಹೆಚ್ಚುವರಿ ಖರ್ಚಿಗೆ ನಿರ್ದೇಶಕ ಮಂಡಳಿಯ ಒಪ್ಪಿಗೆ ಪಡೆದರು.

ಅವರು ತಂದದ್ದು ಮೇಟ್ರಿಕ್ಸ್ ಎಂಬ ಪದ್ಧತಿ. ಬಟ್ಟೆಯಲ್ಲಿ ಹಾಸು ಹೊಕ್ಕು ಇರುವ ಹಾಗೆ ಇಲ್ಲಿ ದೇಶಗಳು ಹಾಸು, ವಿಷಯಗಳು ಹೊಕ್ಕು. ಪ್ರತಿಯೊಬ್ಬ ತಜ್ಞನಿಗೂ ಇಬ್ಬರು ಯಜಮಾನರು. ದೇಶ ನಿರ್ದೇಶಕನ ಕೈಯಲ್ಲಿ ಹಣ. ವಿಷಯ ವಿಭಾಗದ ಕೈಯಲ್ಲಿ ಜನ. ನೀರಿನ ತಜ್ಞ ಬೇಕಾದರೆ ದೇಶ ನಿರ್ದೇಶಕ ತನ್ನ ಬಜೆಟ್ಟಿನಿಂದ ಅವನ ಇಂತಿಷ್ಟು ವಾರಗಳನ್ನು ಕೊಳ್ಳಬೇಕು! ಬ್ಯಾಂಕಿನೊಳಗೇ ಒಂದು ಸಂತೆ ನೆರೆಯಿತು. ಬೇಡಿಕೆಯಿರುವ ತಜ್ಞನಿಗೆ ಪುರುಸೊತ್ತಿಲ್ಲ. ಬೇಡಿಕೆಯಿಲ್ಲದವನು ತನ್ನ ವಾರಗಳನ್ನು ಹೊತ್ತು ಮಾರುವ ಪಾಡು.

ಒಂದು ಒಳ್ಳೆಯದೂ ಆಯಿತು. ವಾಷಿಂಗ್ಟನ್ನಿನಲ್ಲಿ ಕೂತು ಭಾರತವನ್ನು ನೋಡಿಕೊಳ್ಳುತ್ತಿದ್ದ ನಿರ್ದೇಶಕರು ದೆಹಲಿಗೇ ಬಂದು ಕೂತರು. ಬೇರೆ ಬೇರೆ ರಾಜಧಾನಿಗಳಲ್ಲೂ ಹಾಗೆಯೇ ಆಯಿತು. ಬೆಂಗಳೂರಿನಿಂದ ಕಡತ ಹಿಡಿದು ಹೋದ ಅಧಿಕಾರಿಗೆ ತೀರ್ಮಾನ ಕೈಗೊಳ್ಳಬಲ್ಲವರು ಎರಡೂವರೆ ಗಂಟೆಯ ವಿಮಾನ ಪ್ರಯಾಣದಲ್ಲಿ ಸಿಗುವಂತಾದರು.

ನಲ್ಲಿ ಯಾವ ಇಲಾಖೆಗೆ ಸೇರಿದ್ದು?

ಈ ಹಾಸು ಹೊಕ್ಕಿನ ಪದ್ಧತಿ ನೆಲದ ಮೇಲೆ ಹೇಗಿರುತ್ತದೆ ಎಂದು ತಿಳಿಯಲು ಕರ್ನಾಟಕದ ಎರಡು ಉದಾಹರಣೆ ಸಾಕು.

2004ರಲ್ಲಿ ಬ್ಯಾಂಕು ಕರ್ನಾಟಕದ ನಗರ ನೀರು ಸುಧಾರಣಾ ಯೋಜನೆಗೆ 3.95 ಕೋಟಿ ಡಾಲರ್ ಸಾಲ ಒಪ್ಪಿತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ನಗರಗಳ ಕೆಲವು ಬಡಾವಣೆಗಳಿಗೆ ದಿನದ 24 ಗಂಟೆಯೂ ನೀರು ಕೊಟ್ಟು ತೋರಿಸುವುದು ಗುರಿ. ಕೆಲವು ದಿನಗಳಿಗೊಮ್ಮೆ ನೀರು ಬಿಡುತ್ತಿದ್ದ, ಮನೆ ಮನೆಯಲ್ಲೂ ಡ್ರಮ್ಮು ಕೊಡಗಳ ಸಾಲಿದ್ದ ಊರುಗಳಲ್ಲಿ ಇದು ಕನಸಿನ ಮಾತು ಎಂದವರೇ ಹೆಚ್ಚು. 2008ರ ಹೊತ್ತಿಗೆ ಆ ಬಡಾವಣೆಗಳಲ್ಲಿ ನೀರು ನಿರಂತರವಾಗಿ ಬಂತು. ಉಳಿದ ಬಡಾವಣೆಗಳಿಗೂ ಇದನ್ನು ವಿಸ್ತರಿಸಲು 2016ರಲ್ಲಿ ಇನ್ನೊಂದು ಸಾಲ ಮಂಜೂರಾಯಿತು.

ಈಗ ಯೋಚಿಸಿ, ಇದು ಯಾವ ಇಲಾಖೆಯ ಕೆಲಸ? ಕೊಳವೆ ಸೋರದಂತೆ ಒತ್ತಡ ಕಾಯುವುದು ನೀರಿನ ಎಂಜಿನಿಯರನ ಕೆಲಸ. ಮೀಟರು ಹಾಕಿ ದರ ಗೊತ್ತು ಮಾಡುವುದು ಹಣಕಾಸು ತಜ್ಞನದು. ಪಾಲಿಕೆಯನ್ನು ಒಪ್ಪಿಸುವುದು ನಗರಾಡಳಿತ ಬಲ್ಲವನದು. ಕೊಳೆಗೇರಿಯ ಮನೆಗೂ ಸಂಪರ್ಕ ಸಿಗುವಂತೆ ನೋಡುವುದು ಸಮಾಜಶಾಸ್ತ್ರಜ್ಞನದು. ಧಾರವಾಡದ ಗೃಹಿಣಿಗೆ ಇವೆಲ್ಲ ಬೇರೆ ಬೇರೆಯಲ್ಲ. ಅವಳಿಗೆ ನಲ್ಲಿ ಒಂದೇ.

2001ರಲ್ಲಿ ಆರಂಭವಾದ ಸುಜಲ ಜಲಾನಯನ ಯೋಜನೆಯದೂ ಇದೇ ಕಥೆ. ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆದ ಆ ಕೆಲಸದಲ್ಲಿ ಬದು ಹಾಕುವುದು, ಗಿಡ ನೆಡುವುದು, ಸ್ತ್ರೀಯರ ಸ್ವಸಹಾಯ ಸಂಘ ಕಟ್ಟುವುದು, ಉಪಗ್ರಹದ ಚಿತ್ರಗಳಿಂದ ಪ್ರಗತಿ ಅಳೆಯುವುದು ಎಲ್ಲ ಒಟ್ಟಿಗೇ ಇದ್ದವು. ಹೊಲದಲ್ಲಿ ಮಣ್ಣು, ನೀರು, ಹಣ, ಹೆಣ್ಣಿನ ದುಡಿಮೆ ಎಂದು ಬೇರೆ ಬೇರೆ ಇಲಾಖೆಗಳಿಲ್ಲ. ಇಲಾಖೆಗಳಿರುವುದು ಕಚೇರಿಯಲ್ಲಿ. ಹೀಗಾಗಿ ಗೋಡೆ ಎಲ್ಲಿ ಕಟ್ಟಿದರೂ ಯಾವುದೋ ಒಂದು ಮುಖ್ಯ ಸಂಗತಿ ಗೋಡೆಯ ಆಚೆ ಉಳಿದುಬಿಡುತ್ತದೆ. ಪುನರ್ರಚನೆಗೆ ಕೊನೆಯೇ ಇಲ್ಲದಿರುವ ಗುಟ್ಟು ಇದು.

ಡಾಕ್ಟರರ ಚಿಕಿತ್ಸೆ

2012ರಲ್ಲಿ ಬ್ಯಾಂಕಿನ ಸ್ವತಂತ್ರ ಮೌಲ್ಯಮಾಪನ ತಂಡವೇ ಮೇಟ್ರಿಕ್ಸ್ ಪದ್ಧತಿಯನ್ನು ಪರೀಕ್ಷಿಸಿ ನೋಡಿತು. ಹಾಸು ಬಲವಾಗಿತ್ತು, ಹೊಕ್ಕು ಸಡಿಲವಾಗಿತ್ತು. ದೇಶ ನಿರ್ದೇಶಕರ ಮಾತೇ ನಡೆಯುತ್ತಿತ್ತು. ಒಂದು ಪ್ರದೇಶದಲ್ಲಿ ಕಲಿತ ಪಾಠ ಇನ್ನೊಂದು ಪ್ರದೇಶಕ್ಕೆ ತಲುಪುವುದು ಕಷ್ಟವಾಗಿತ್ತು. ಲ್ಯಾಟಿನ್ ಅಮೆರಿಕದಲ್ಲಿ ಪಳಗಿದ ತಜ್ಞ ದಕ್ಷಿಣ ಏಷ್ಯಾದ ಕೆಲಸಕ್ಕೆ ಸುಲಭವಾಗಿ ಸಿಗುತ್ತಿರಲಿಲ್ಲ.

ಅದೇ ವರ್ಷ ಜಿಮ್ ಯಾಂಗ್ ಕಿಮ್ ಅಧ್ಯಕ್ಷರಾಗಿ ಬಂದರು. ದಕ್ಷಿಣ ಕೊರಿಯಾದಲ್ಲಿ ಹುಟ್ಟಿದ ಇವರು ವೈದ್ಯರು, ಮಾನವಶಾಸ್ತ್ರಜ್ಞರು. ವೈದ್ಯರು ಕೊಟ್ಟ ಔಷಧಿ ತೀಕ್ಷ್ಣವಾಗಿತ್ತು. 2014ರ ಜುಲೈ 1ರಿಂದ ಪ್ರದೇಶಗಳಲ್ಲಿ ಹಂಚಿಹೋಗಿದ್ದ ತಜ್ಞರನ್ನೆಲ್ಲ ಹಿಂದಕ್ಕೆ ಕರೆದು, ನೀರು, ಶಿಕ್ಷಣ, ಕೃಷಿ, ಆರೋಗ್ಯ, ಇಂಧನ ಮುಂತಾದ 14 ಜಾಗತಿಕ ವಿಭಾಗಗಳಲ್ಲಿ ಸೇರಿಸಿದರು. ಹವಾಮಾನ ಬದಲಾವಣೆ, ಉದ್ಯೋಗ, ಸ್ತ್ರೀ-ಪುರುಷ ಸಮಾನತೆಯಂಥ ಎಲ್ಲ ಕಡೆ ಹಾಯುವ ಸಂಗತಿಗಳಿಗೆ ಇನ್ನೂ 5 ವಿಭಾಗಗಳು. ತಕ್ಕಡಿ ಈ ಸಲ ವಿಷಯ ಬಲ್ಲವರ ಕಡೆಗೆ ಪೂರ್ತಿ ವಾಲಿತು. ಜೊತೆಗೆ ಮೂರು ವರ್ಷಗಳಲ್ಲಿ ಖರ್ಚಿನಲ್ಲಿ 40 ಕೋಟಿ ಡಾಲರ್ ಕಡಿತ ಎಂಬ ಪ್ರಕಟಣೆ.

2014ರ ಅಕ್ಟೋಬರ್‌ನಲ್ಲಿ, ಬ್ಯಾಂಕಿನ ಇತಿಹಾಸದಲ್ಲಿ ಅಪರೂಪವೆನ್ನುವಂತೆ, ನೌಕರರು ಕಚೇರಿಯ ಒಳಾಂಗಣದಲ್ಲೇ ಗುಂಪು ಸೇರಿ ಪ್ರತಿಭಟಿಸಿದರು. ಕೆಳಗಿನವರ ಪ್ರವಾಸ ಭತ್ಯೆ ಕಡಿತವಾಗುತ್ತಿರುವಾಗ ಹಣಕಾಸು ಮುಖ್ಯಸ್ಥರಿಗೆ ಬೋನಸ್ಸು ಸಿಕ್ಕಿದ ಸುದ್ದಿ ಅವರನ್ನು ಕೆರಳಿಸಿತ್ತು. ಆ ಅಧಿಕಾರಿ ಬೋನಸ್ಸನ್ನು ಬಿಟ್ಟುಕೊಟ್ಟರು. ಬೇರೆ ದೇಶಗಳಿಗೆ ಮಿತವ್ಯಯದ ಪಾಠ ಹೇಳುತ್ತ ಬಂದ ಸಂಸ್ಥೆಗೆ ಆ ಔಷಧಿಯ ಕಹಿ ಸ್ವತಃ ತಿಳಿಯಿತು.

ಆಮೇಲೂ ಗೋಡೆಗಳು ಸುಮ್ಮನಿರಲಿಲ್ಲ. 2020ರಲ್ಲಿ, ಡೇವಿಡ್ ಮಾಲ್‌ಪಾಸ್ ಅವರ ಕಾಲದಲ್ಲಿ, ತಜ್ಞರ ತಂಡಗಳು ಮತ್ತೆ ಪ್ರಾದೇಶಿಕ ಉಪಾಧ್ಯಕ್ಷರ ಹತ್ತಿರಕ್ಕೆ ಸರಿದವು. ಆಫ್ರಿಕಾ ಪ್ರದೇಶ ಎರಡು ಹೋಳಾಯಿತು. 2023ರ ಜೂನ್‌ನಲ್ಲಿ ಪುಣೆಯ ಬಳಿ ಹುಟ್ಟಿ, ಅಹಮದಾಬಾದಿನ ಐಐಎಂನಲ್ಲಿ ಓದಿದ ಅಜಯ್ ಬಂಗಾ ಅಧ್ಯಕ್ಷರಾದರು. ಮರುವರ್ಷ ವಿಷಯಗಳನ್ನೆಲ್ಲ ಜನ, ಸಮೃದ್ಧಿ, ಭೂಗ್ರಹ, ಮೂಲಸೌಕರ್ಯ, ಡಿಜಿಟಲ್ ಎಂಬ ಐದು ಗುಂಪುಗಳಲ್ಲಿ ಜೋಡಿಸಲಾಯಿತು. ಒಂದು ಯೋಜನೆಗೆ ಒಪ್ಪಿಗೆ ಸಿಗಲು ಸರಾಸರಿ 19 ತಿಂಗಳು ಹಿಡಿಯುತ್ತಿದ್ದುದು 16ಕ್ಕೆ ಇಳಿಯಿತೆಂದು ಬ್ಯಾಂಕು ಹೇಳಿಕೊಂಡಿತು. 2025ರ ಜುಲೈನಲ್ಲಿ ಪಾಕಿಸ್ತಾನ ಮತ್ತು ಅಫ್ಘಾನಿಸ್ತಾನಗಳನ್ನು ದಕ್ಷಿಣ ಏಷ್ಯಾ ವಿಭಾಗದಿಂದ ತೆಗೆದು ಪಶ್ಚಿಮ ಏಷ್ಯಾದ ದೇಶಗಳೊಂದಿಗೆ ಸೇರಿಸಲಾಯಿತು.

ಇದು ವಿಶ್ವಬ್ಯಾಂಕಿನ ಒಂದರ ಕಾಯಿಲೆಯೂ ಅಲ್ಲ. ಮನಿಲಾದಲ್ಲಿರುವ ಏಷ್ಯಾ ಅಭಿವೃದ್ಧಿ ಬ್ಯಾಂಕು ಕೂಡ 2023ರಲ್ಲಿ ಪ್ರದೇಶಗಳಲ್ಲಿ ಹಂಚಿಹೋಗಿದ್ದ ತನ್ನ ವಿಷಯ ತಜ್ಞರನ್ನು ಒಟ್ಟುಗೂಡಿಸಿತು.

ಯಾವುದನ್ನು ಅಳೆಯಬೇಕು?

ಇಷ್ಟು ಕೆಡವಿ ಕಟ್ಟಿದ್ದರಿಂದ ಏನೂ ಉಪಯೋಗವಾಗಿಲ್ಲ ಎನ್ನುವುದು ಅನ್ಯಾಯವಾದೀತು. 1987ರ ಪರಿಸರ ವಿಭಾಗ ಬ್ಯಾಂಕಿನೊಳಗೆ ಕಾಡು ನದಿಗಳ ಪರವಾಗಿ ಮಾತಾಡುವವರಿಗೆ ಒಂದು ಕುರ್ಚಿ ಕೊಟ್ಟಿತು. 1997ರ ಬದಲಾವಣೆ ನಿರ್ದೇಶಕರನ್ನು ಸಾಲ ಪಡೆಯುವ ದೇಶಕ್ಕೇ ಕಳಿಸಿತು. 2014ರಲ್ಲಿ ನೀರಿನ ತಜ್ಞರೆಲ್ಲ ಒಂದೇ ಮನೆಯವರಾದರು. ಪ್ರತಿ ಬಾರಿಯೂ ಏನೋ ಒಂದು ಸಿಕ್ಕಿತು, ಏನೋ ಒಂದು ಕೈತಪ್ಪಿತು.

ಆದರೆ ಪ್ರತಿ ಬಾರಿಯೂ ತೆರಬೇಕಾದ ಬೆಲೆಯೊಂದಿದೆ. ಇಲಾಖೆ ಬದಲಾದಾಗ ಜನ ಬದಲಾಗುತ್ತಾರೆ. ಒಂದು ಯೋಜನೆ ಏಳೆಂಟು ವರ್ಷದ್ದು. ಅದನ್ನು ರೂಪಿಸಿದವನು ಮುಗಿಯುವ ಹೊತ್ತಿಗೆ ಇನ್ನೆಲ್ಲೋ ಇರುತ್ತಾನೆ. ಮುಳುಗಡೆಯ ಊರಿಗೆ ಕೊಟ್ಟ ಮಾತು ಕಡತದಲ್ಲಿರುತ್ತದೆ, ಮಾತು ಕೊಟ್ಟವನಿರುವುದಿಲ್ಲ. ಊರಿನವರು ಹೊಸಬನಿಗೆ ಮೊದಲಿನಿಂದ ಕಥೆ ಹೇಳಬೇಕು.

ವಿದ್ಯಾರ್ಥಿಗಳಿಗೆ ಇದರಲ್ಲಿ ಎರಡು ಪಾಠಗಳಿವೆ. ಅಭಿವೃದ್ಧಿ ಎಂಬ ಕ್ಷೇತ್ರಕ್ಕೆ ಎಂಜಿನಿಯರಿಂಗ್, ಅರ್ಥಶಾಸ್ತ್ರ ಓದಿದವರಷ್ಟೇ ಬೇಕು ಎಂದು ಅನೇಕ ತಂದೆ ತಾಯಂದಿರು ತಿಳಿದಿದ್ದಾರೆ. ಬ್ಯಾಂಕಿನ ಅನುಭವ ಬೇರೆ ಹೇಳುತ್ತದೆ. ನರ್ಮದೆಯಲ್ಲೂ ಕೃಷ್ಣೆಯಲ್ಲೂ ಕಾಂಕ್ರೀಟಿನ ಲೆಕ್ಕ ಬಲ್ಲವರಿಗೆ ಕೊರತೆಯಿರಲಿಲ್ಲ. ಜನರ ಲೆಕ್ಕ ಬಲ್ಲವರು ಸಾಲದಾಗಿದ್ದರು. ಸಮಾಜಶಾಸ್ತ್ರ, ಭೂಗೋಳ, ಇತಿಹಾಸ, ಜನರ ಭಾಷೆ ಇವನ್ನು ಮನಸ್ಸಿಟ್ಟು ಕಲಿತವರಿಗೂ ಅಲ್ಲಿ ಕೆಲಸವಿದೆ. ಒಂದು ವಿಷಯವನ್ನು ಆಳವಾಗಿ ಕಲಿತು, ಒಂದು ಊರನ್ನಾದರೂ ಕಾಲ್ನಡಿಗೆಯಲ್ಲಿ ತಿಳಿದವರು ಸಿಕ್ಕರೆ ಇಂಥ ಸಂಸ್ಥೆಗಳ ಅರ್ಧ ಜಗಳ ತಾನಾಗಿಯೇ ಮುಗಿಯುತ್ತದೆ.

ಎರಡನೆಯ ಪಾಠ ಯಾವ ಕಚೇರಿಗೂ ಅನ್ವಯಿಸುತ್ತದೆ. ಶಾಲೆಯಾಗಲಿ, ಸರ್ಕಾರವಾಗಲಿ, ಬ್ಯಾಂಕಾಗಲಿ, ಹೊಸ ವಿಭಾಗ, ಹೊಸ ಬೋರ್ಡು, ಹೊಸ ಹೆಸರು ಬಂದಾಗ ಒಂದು ಪ್ರಶ್ನೆ ಕೇಳಬೇಕು: ಇನ್ನು ಮುಂದೆ ಇಲ್ಲಿ ಯಾವ ಕೆಲಸಕ್ಕೆ ಬೆನ್ನು ತಟ್ಟುತ್ತಾರೆ? ಸಾಲ ಮಂಜೂರಾದದ್ದಕ್ಕೋ, ನೀರು ಬಂದದ್ದಕ್ಕೋ? ಕೆಲಸ ಕೆಟ್ಟರೆ ತೊಂದರೆಗೊಳಗಾದವರು ಯಾವ ಬಾಗಿಲು ತಟ್ಟಬಹುದು? ಈ ಎರಡಕ್ಕೆ ಉತ್ತರ ಬದಲಾಗದಿದ್ದರೆ ಬದಲಾದದ್ದು ಬೋರ್ಡು ಮಾತ್ರ.

ವಾಷಿಂಗ್ಟನ್ನಿನಲ್ಲಿ ಇನ್ನೊಬ್ಬ ಅಧ್ಯಕ್ಷರು ಬರುತ್ತಾರೆ. ಗೋಡೆಗಳು ಮತ್ತೆ ಸರಿಯುತ್ತವೆ. ಇಲ್ಲಿ ಮಾತ್ರ ಕೊಡ ಹಿಡಿದ ಕೈ ನಲ್ಲಿಯ ಕೆಳಗೆ ಕಾಯುತ್ತಿರುತ್ತದೆ. ಅದಕ್ಕೆ ಇಲಾಖೆಯ ಹೆಸರು ಬೇಕಿಲ್ಲ, ನೀರು ಬೇಕು.